ಹದಿಮೂರನೇ ಬೋರ್ಡು

ಅಂಗಡಿಯ ಹಿಂದಿನ ಕೋಣೆ,
ಫೆಬ್ರವರಿ ೪, ಬುಧವಾರ, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ನಿನ್ನ ಕುತ್ತಿಗೆ ನೋವು ಈಗ ಹೇಗಿದೆ? ಬಂದರಿನ ಕ್ರೇನಿನಲ್ಲಿ ದಿನಕ್ಕೆ ಎಂಟು ಗಂಟೆ ಕೆಳಕ್ಕೇ ಬಗ್ಗಿ ನೋಡುತ್ತ ಕೂತರೆ ಆ ಕುತ್ತಿಗೆಯಾದರೂ ಏನು ಮಾಡೀತು. ಡಾಕ್ಟರು ಕೊಟ್ಟ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅದನ್ನೂ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೀಯೋ? ಇದನ್ನು ಅತ್ತಿಗೆಯ ಹತ್ತಿರ ಕೇಳಬೇಕು, ನಿನ್ನನ್ನು ಕೇಳಿ ಪ್ರಯೋಜನವಿಲ್ಲ. ಮಗಳಿಗೆ ಮುಂದಿನ ಹಲ್ಲು ಬಂತೇ? ಕಳೆದ ಸಲ ಫೋನಿನಲ್ಲಿ ಮಾತಾಡಿದಾಗ ಅವಳ ಅರ್ಧ ಮಾತು ಗಾಳಿಯಲ್ಲೇ ಹೋಗುತ್ತಿತ್ತು. ನಾನು ಹೇಗಿದ್ದೇನೆ ಎಂದರೆ, ಇದ್ದೇನೆ. ಸೊಂಟ ನೋಯುತ್ತದೆ, ಸೋಲ್ಡರ್ ಹೊಗೆಗೆ ಕಣ್ಣು ಉರಿಯುತ್ತದೆ, ಎದ್ದಾಗಿನಿಂದಲೇ ಸುಸ್ತು. ಮೂವತ್ತೈದಕ್ಕೇ ಹೀಗಾದರೆ ಮುಂದೆ ಹೇಗೆ ಅಂತ ನಾನೇ ನನ್ನನ್ನು ಕೇಳಿಕೊಂಡು, ಉತ್ತರ ಬರುವುದರೊಳಗೆ ಮುಂದಿನ ಕೆಲಸಕ್ಕೆ ಕೈ ಹಾಕುತ್ತೇನೆ. ಅಪ್ಪ ಊಟ ಮಾಡಿ ಮಲಗಿದ್ದಾರೆ. ಅವರು ಏಳುವುದರೊಳಗೆ ಇದನ್ನು ಮುಗಿಸಬೇಕು.

ಫೋನಿನಲ್ಲಿ ಹೇಳುವುದಕ್ಕೇನಾಗಿತ್ತು, ಕಾಗದ ಯಾಕೆ ಎನ್ನುತ್ತೀಯ. ಫೋನು ಎತ್ತಿದರೆ ಊಟ ಆಯ್ತಾ, ಹುಷಾರಾ ಅನ್ನುವಷ್ಟರಲ್ಲಿ ನಿನ್ನ ಪಾಳಿ ಶುರುವಾಗುತ್ತದೆ. ಅಲ್ಲದೆ ಈ ಗೋಡೆಗೆ ಕಿವಿಯಿದೆ. ಗಾದೆಗೆ ಹೇಳುತ್ತಿಲ್ಲ, ಗೋಡೆಯ ಆಚೆಗೇ ಅಪ್ಪನ ಮಂಚ. ನಾನು ಹೇಳಬೇಕಾದ್ದು ಅಪ್ಪನಿಗೆ ಕೇಳಿಸಕೂಡದ ವಿಷಯ, ನಿನಗೆ ಹೇಳದೆ ಮುಗಿಯದ ವಿಷಯ. ನಾಲ್ಕು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೇನೆ, ಇನ್ನು ನುಂಗುವುದಕ್ಕೂ ಆಗುತ್ತಿಲ್ಲ. ನಿನ್ನ ಸ್ಕೋರು ಹೋಯಿತು, ಅಣ್ಣ. ನಾನೇ ಅಳಿಸಿದೆ.

ಸಿಟ್ಟಾಗುವ ಮೊದಲು ಹೇಗಾಯಿತು ಅಂತ ಕೇಳು. ಅಕ್ಟೋಬರಿನಲ್ಲಿ ನಮ್ಮ ಹಲ್ಲಿನ ಡಾಕ್ಟರು ಹನ್ನೆರಡು ಹಳೆಯ ಗೇಮ್ ಬೋರ್ಡುಗಳನ್ನು ತಂದು ಸುರಿದರು. ಮುಚ್ಚಿಹೋದ ಯಾವುದೋ ವಿಡಿಯೋ ಗೇಮ್ ಪಾರ್ಲರಿನ ಗೋದಾಮಿನಲ್ಲಿ ಸಿಕ್ಕಿದ್ದವಂತೆ. ಆ ಮನುಷ್ಯನ ಮನೆಯಲ್ಲಿ ಈಗ ಮಲಗಲು ಜಾಗವಿಲ್ಲ. ನಡುಮನೆಯಲ್ಲಿ ಗೇಮ್ ಮೆಷೀನು, ಮಂಚದ ಕೆಳಗೆ ಕ್ಯಾಸೆಟ್ ಹಾಕಿ ಓಡಿಸುವ ಕಾಲದ ಕಂಪ್ಯೂಟರು, ಹೆಂಡತಿಯ ಬೀರುವಿನಲ್ಲಿ ಸೀರೆಯ ನಡುವೆ ಗೇಮ್ ಕಾರ್ಟ್ರಿಜ್‌ಗಳು. ಆ ಹನ್ನೆರಡರಲ್ಲೂ ಸ್ಕೋರು ಉಳಿಸುವ ನೀಲಿ ಉರುಳೆ ಬ್ಯಾಟರಿ ಸೋರಿ, ಬೋರ್ಡಿನ ತಾಮ್ರದ ಗೆರೆಗಳು ಹಸಿರುಗಟ್ಟಿದ್ದವು. ನಿನಗೂ ನನಗೂ ಅಪ್ಪ ಕಲಿಸಿದ ಮೊದಲ ಪಾಠ ನೆನಪಿದೆಯಲ್ಲ, 'ಮೊದ್ಲು ಬ್ಯಾಟ್ರಿ ಕತ್ತರ್ಸು, ಆಮೇಲೆ ಮಾತಾಡು.' ಸೋರಿದ ಬ್ಯಾಟರಿ ಒಂದು ದಿನ ಹೆಚ್ಚು ಕೂತರೆ ಇನ್ನೊಂದು ಗೆರೆ ತಿನ್ನುತ್ತದೆ. ಅದೇ ವಾರ ನಮ್ಮ ಮೆಷೀನಿನಲ್ಲಿ, ಅಂದರೆ ನಿನ್ನ ಮೆಷೀನಿನಲ್ಲಿ, ಗುಹೆಯೊಳಗೆ ಹಾರುವ ಆ ವಿಮಾನ ಪರದೆಯ ಮೇಲೆ ನಡುಗುವುದಕ್ಕೆ ಶುರುವಾಗಿತ್ತು. ನೋಡೋಣ ಅಂತ ಅದರ ಬೋರ್ಡನ್ನೂ ಕಳಚಿ ಮೇಜಿನ ಮೇಲಿಟ್ಟಿದ್ದೆ. ಎಲ್ಲಿಟ್ಟೆ? ಆ ಹನ್ನೆರಡರ ಸಾಲಿನ ಕೊನೆಗೆ. ಸಂಜೆ ಕಟ್ಟರ್ ಹಿಡಿದು ಸಾಲಿನ ಆ ತುದಿಯಿಂದ ಶುರು ಮಾಡಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ತಲೆ ಎಲ್ಲೋ ಇತ್ತು. ಹದಿಮೂರನೆಯದನ್ನೂ ಕತ್ತರಿಸಿದ ಮೇಲೆ ಬೋರ್ಡಿನ ಮೂಲೆಯಲ್ಲಿ ಕೆಂಪು ಬಣ್ಣ ಕಂಡಿತು. ಅಮ್ಮನ ನೇಲ್ ಪಾಲಿಶ್, ಅಪ್ಪ ನಮ್ಮ ಬೋರ್ಡಿಗೆ ಹಾಕಿದ್ದ ಸೀಲ್. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಅಮ್ಮ ಹೇಳುತ್ತಿದ್ದಳಲ್ಲ, ನನಗೆ ನಿಮಿಷವೂ ಬೇಕಾಗಲಿಲ್ಲ.

ಆ ಬ್ಯಾಟರಿ ಹತ್ತೊಂಬತ್ತು ವರ್ಷ ಹೇಗೆ ಉಳಿಯಿತು ಎನ್ನುವುದು ನಿನಗೆ ಗೊತ್ತಿಲ್ಲ. ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೆಷೀನು ಓಡುತ್ತಿದ್ದರೆ ಅದು ಚಾರ್ಜ್ ಆಗುತ್ತದೆ, ಸುಮ್ಮನೆ ಬಿಟ್ಟರೆ ತಿಂಗಳೆರಡು ತಿಂಗಳಲ್ಲಿ ಸತ್ತು ಸ್ಕೋರೆಲ್ಲ ಹೋಗುತ್ತದೆ. ಅಪ್ಪ ಗೇಮ್ ಪಾರ್ಲರು ಮುಚ್ಚಿ ಇದನ್ನು ರಿಪೇರಿ ಅಂಗಡಿ ಮಾಡಿದರು, ಎಂಟು ಮೆಷೀನು ಮಾರಿದರು, ಇದೊಂದನ್ನು ಮಾರಲಿಲ್ಲ. ದಿನ ಬೆಳಿಗ್ಗೆ ಚಹಾ ಲೋಟ ಹಿಡಿದು ಬಂದು ಸ್ವಿಚ್ಚು ಹಾಕಿ, ಅರ್ಧ ಗಂಟೆ ಸ್ಟೂಲಿನ ಮೇಲೆ ಕೂರುತ್ತಾರೆ. ಆಡುವುದಿಲ್ಲ. ಸ್ಕೋರಿನ ಪಟ್ಟಿ ಬಂದಾಗ ನೋಡುತ್ತಾರೆ, ಅಷ್ಟೇ. ಜ್ವರವಿದ್ದ ದಿನ ನನ್ನನ್ನು ಕೂರಿಸುತ್ತಿದ್ದರು. ಯಾಕಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ, 'ಮೆಷೀನು ತಣ್ಣಗಾಗ್ಬಾರ್ದು' ಎಂದರು. ಪಟ್ಟಿಯ ತುದಿಯಲ್ಲಿ ನಿನ್ನ ಹೆಸರಿನ ಮೂರಕ್ಷರ, ಅದರ ಮುಂದೆ ಎಂಟು ಲಕ್ಷದ ಎಪ್ಪತ್ತನಾಲ್ಕು ಸಾವಿರದ ಮುನ್ನೂರೈವತ್ತು. ನನ್ನ ಹುಟ್ಟಿದ ದಿನ ಮರೆತೇನು, ಅದನ್ನು ಮರೆಯಲಾರೆ.

ಆ ದಿನವನ್ನು ನೀನೂ ಮರೆತಿರುವುದಿಲ್ಲ. ಒಂದೇ ನಾಣ್ಯದಲ್ಲಿ ನೀನು ಎರಡೂವರೆ ಗಂಟೆ ಆಡಿದೆ. ಪೋಸ್ಟ್‌ಮ್ಯಾನು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನಿಂತಿದ್ದ, ಪಕ್ಕದ ದರ್ಜಿ ಅಂಗಡಿ ತೆರೆದಿಟ್ಟೇ ಬಂದಿದ್ದ. ಹದಿನಾರು ವರ್ಷದ ನಾನು ಸ್ಟೂಲು ಹತ್ತಿ ನಿಂತು ನಿನ್ನ ಬೆನ್ನು ಮಾತ್ರ ನೋಡಿದೆ. ಅಪ್ಪ ಬಿಡಿಭಾಗ ತರಲು ಹೋದವರು ಎಲ್ಲ ಮುಗಿದ ಮೇಲೆ ಬಂದರು. ಪರದೆ ನೋಡಿದರು, ನಿನ್ನ ಸೊಂಟದಲ್ಲಿದ್ದ ಬೀಗದಕೈ ಗೊಂಚಲು ನೋಡಿದರು, ಅಷ್ಟು ಜನರೆದುರು 'ಕೀಲಿಕೈ ಕೈಲಿರೋನಿಗೆ ಇದೇನ್ ದೊಡ್ಡ ವಿಷ್ಯ' ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ನಾಣ್ಯಕ್ಕೆ ಎಷ್ಟು ಜೀವ, ಆಟ ಎಷ್ಟು ಕಷ್ಟ ಎಂಬುದನ್ನೆಲ್ಲ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ಚುಗಳು ತೀರ್ಮಾನಿಸುತ್ತವೆ, ನೀನು ಒಳಗಿನಿಂದ ತೆರೆದು ಅದನ್ನು ಸುಲಭ ಮಾಡಿಕೊಂಡೆ ಎನ್ನುವುದು ಆ ಮಾತಿನ ಅರ್ಥ. ಎಲ್ಲರಿಗೂ ಅರ್ಥವಾಯಿತು. ನೀನು 'ಸೀಲ್ ನೋಡಪ್ಪಾ' ಎಂದೆ. ಅವರು ನೋಡಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ನೀನು ಗೊಂಚಲನ್ನು ಕೌಂಟರಿನ ಮೇಲಿಟ್ಟೆ, ಆ ವಾರವೇ ಬಂದರಿಗೆ ಹೋದೆ.

ಈಗ ನನ್ನ ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ. ಆ ಸ್ವಿಚ್ಚುಗಳ ಮೇಲೆ ಅಪ್ಪ ಬಳಿದಿದ್ದ ಅಮ್ಮನ ನೇಲ್ ಪಾಲಿಶ್ ಹಾಗೇ ಇದೆ. ಸ್ವಿಚ್ಚು ಒಂದು ಕೂದಲಷ್ಟು ಅಲುಗಿದ್ದರೂ ಬಿರಿಯಬೇಕಾಗಿದ್ದ ಬಣ್ಣ, ಒಂದು ಗೀರೂ ಇಲ್ಲ. ಭೂತಗನ್ನಡಿ ಹಿಡಿದು ಎರಡು ಸಲ ನೋಡಿದೆ. ನೀನು ಹೇಳಿದ್ದು ನಿಜ. ನನಗೆ ಮೊದಲೇ ಗೊತ್ತಿತ್ತು ಎಂದರೆ ಸುಳ್ಳಾದೀತು, ಅಣ್ಣ. ಇಷ್ಟು ವರ್ಷ ನಾನೂ ಮನಸ್ಸಿನ ಒಂದು ಮೂಲೆಯಲ್ಲಿ, ಮಾಡಿದ್ದರೂ ಮಾಡಿರಬಹುದು ಅಂದುಕೊಂಡೇ ನಿನ್ನನ್ನು ಪ್ರೀತಿಸಿದೆ. ಅದಕ್ಕೆ ನನ್ನನ್ನು ಕ್ಷಮಿಸು. ನಿನ್ನ ಮಾತು ನಿಜವೆಂದು ಗೊತ್ತಾದ ಗಳಿಗೆಯಲ್ಲೇ ನೀನು ಗೆದ್ದದ್ದನ್ನು ಕತ್ತರಿಸಿ ಕೂತಿದ್ದೆ. ಆ ಸಂಜೆ ಅತ್ತೆ. ಆಮೇಲೆ ಅಳುವುದಕ್ಕೂ ಪುರುಸೊತ್ತಾಗಲಿಲ್ಲ, ಮರುದಿನ ಬೆಳಿಗ್ಗೆ ಅಪ್ಪ ಚಹಾ ಲೋಟ ಹಿಡಿದು ಬರುವವರಿದ್ದರು.

ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ ಅಂತ ಹೇಳಿದ್ದೆನಲ್ಲ. ಪರದೆಯಲ್ಲಿ ಬೆಳಕಿದೆ ಅಂತ ಗೊತ್ತಾಗುತ್ತದೆ, ಅಕ್ಷರ ಕಾಣುವುದಿಲ್ಲ. ಎರಡು ವರ್ಷದಿಂದ ಪಟ್ಟಿಯನ್ನು ನಾನೇ ಓದಿ ಹೇಳುತ್ತಿದ್ದೆ. ಈಗಲೂ ಓದುತ್ತಿದ್ದೇನೆ. ಪರದೆಯ ಮೇಲಿರುವುದು ಕಾರ್ಖಾನೆಯವರು ತುಂಬಿಟ್ಟ ಹತ್ತು ಸುಳ್ಳು ಹೆಸರು, ಐವತ್ತು ಸಾವಿರ, ನಲವತ್ತೈದು ಸಾವಿರ. ನಾನು ಓದುವುದು ನಿನ್ನದು, ಪೋಸ್ಟ್‌ಮ್ಯಾನಿನದು, ದರ್ಜಿಯದು, ಬ್ರೆಡ್ಡಿನ ಅಂಗಡಿಯವನದು, ಒಂಬತ್ತನೆಯದು ನನ್ನದು. ಒಂದು ದಿನ ಮೂರನೆಯದನ್ನೂ ನಾಲ್ಕನೆಯದನ್ನೂ ಅದಲುಬದಲು ಮಾಡಿದೆ. 'ಸರಿಯಾಗ್ ನೋಡು ಪುಟ್ಟಿ' ಎಂದರು. ಇನ್ನೊಂದು ತಾಪತ್ರಯವಿದೆ. ಬ್ಯಾಟರಿ ಇಲ್ಲದ ಬೋರ್ಡು, ಸ್ವಿಚ್ಚು ಹಾಕಿದಾಗಲೆಲ್ಲ ನೆನಪು ಖಾಲಿಯಾಗಿದೆ ಅಂತ ಒಂದು ಬೀಪ್ ಹೆಚ್ಚಿಗೆ ಹೊಡೆಯುತ್ತದೆ. ಅದನ್ನು ಮುಚ್ಚಲು ನಾನು ಸರಿಯಾಗಿ ಅದೇ ಹೊತ್ತಿಗೆ ಕೆಮ್ಮುತ್ತೇನೆ. ನಾಲ್ಕು ತಿಂಗಳಿಂದ ದಿನ ಬೆಳಿಗ್ಗೆ ಕೆಮ್ಮು. ಅಪ್ಪ ತಡಕಾಡಿಕೊಂಡು ಔಷಧಿ ಅಂಗಡಿಗೆ ಹೋಗಿ ಮೂರು ಸೀಸೆ ತಂದಿದ್ದಾರೆ, ಎದುರಿಗೇ ನಿಂತು ಕುಡಿಸುತ್ತಾರೆ. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ, ಅದು ಇಷ್ಟು ಕಹಿ ಎಂದು ಯಾರೂ ಹೇಳಿರಲಿಲ್ಲ.

ಬೇರೆ ದಾರಿ ಹುಡುಕಲಿಲ್ಲವೆಂದುಕೊಳ್ಳಬೇಡ. ಈ ಹಳೆಯ ಮೆಷೀನಿಗೆ ಸ್ಕೋರನ್ನು ಆಡಿಯೇ ಗಳಿಸಬೇಕು, ಹೊರಗಿನಿಂದ ಬರೆದು ಸೇರಿಸುವ ದಾರಿ ನನಗೆ ಗೊತ್ತಿಲ್ಲ. ಹಾಗಾಗಿ ಮಧ್ಯಾಹ್ನ ಅಪ್ಪ ಮಲಗಿದಾಗ ಸದ್ದು ತಗ್ಗಿಸಿ ಆಡುತ್ತಿದ್ದೇನೆ. ದಿನವಿಡೀ ಬೇರೆಯವರ ಜಾಯ್‌ಸ್ಟಿಕ್ ರಿಪೇರಿ ಮಾಡಿ, ಮಧ್ಯಾಹ್ನದ ಒಂದು ಗಂಟೆಯಲ್ಲಿ ನನ್ನ ಮಣಿಕಟ್ಟು ಹಾಳುಮಾಡಿಕೊಳ್ಳುತ್ತೇನೆ. ನಾಲ್ಕು ತಿಂಗಳಲ್ಲಿ ನನ್ನ ದೊಡ್ಡ ಸಾಧನೆ ಎರಡು ಲಕ್ಷ ಹತ್ತು ಸಾವಿರ. ಐದನೇ ಗುಹೆಯ ತಿರುವಿನಲ್ಲಿ ದಿನವೂ ಸಾಯುತ್ತೇನೆ. ಹೊಸ ಬ್ಯಾಟರಿ ತಂದಿಟ್ಟಿದ್ದೇನೆ, ಹಾಕಿಲ್ಲ. ಹಾಕದಿದ್ದರೆ ಮೆಷೀನು ಆರಿಸಿದ ಕೂಡಲೇ ನನ್ನ ಮಾನ ಹೋದದ್ದೂ ಅಳಿಸಿಹೋಗುತ್ತದೆ, ಅದೊಂದೇ ಸಮಾಧಾನ.

ಈಗ ಅವಸರವಾಗಿರುವುದು ಯಾಕೆಂದರೆ, ಎರಡು ವರ್ಷದಿಂದ ಕಣ್ಣಿಗೆ ಕತ್ತರಿ ಹಾಕಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದ ಅಪ್ಪ ಕಳೆದ ವಾರ ಇದ್ದಕ್ಕಿದ್ದಂತೆ ಒಪ್ಪಿಬಿಟ್ಟರು. ನಾನು ಹೇಳಿ ಹೇಳಿ ಸೋತು ಬಿಟ್ಟಿದ್ದೆ. ಕಣ್ಣಿನ ಡಾಕ್ಟರಿಗೆ ತಾವೇ ಫೋನು ಮಾಡಿಸಿದರು. ಇದೇ ಇಪ್ಪತ್ತನೇ ತಾರೀಖು ಬಲಗಣ್ಣಿನ ಆಪರೇಷನ್, ಇಪ್ಪತ್ತೊಂದಕ್ಕೆ ಪಟ್ಟಿ ಬಿಚ್ಚುತ್ತಾರೆ. ಬಿಚ್ಚಿಸಿಕೊಂಡು ಬಂದವರು ಮೊದಲು ಎಲ್ಲಿಗೆ ಹೋಗುತ್ತಾರೆ ಎನ್ನುವುದನ್ನು ನಿನಗೆ ಹೇಳಬೇಕಾಗಿಲ್ಲ. ಆ ಸ್ಟೂಲಿನ ಮೇಲೆ ಕೂತು, ನಿನ್ನ ಹೆಸರಿಲ್ಲದ ಪಟ್ಟಿ ನೋಡಿದರೆ ಅವರ ಮುಖ ಹೇಗಾದೀತು ಅಂತ ನೆನೆಸಿಕೊಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನೀನು ಇಪ್ಪತ್ತಕ್ಕೆ ಮೊದಲು ಎರಡು ದಿನ ರಜೆ ಹಾಕಿ ಬಾ. ಅಪ್ಪನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಅವರು ಮಲಗಿದಾಗ ಆಡಿ ಹೋಗು, ಹೊಸ ಬ್ಯಾಟರಿ ಹಾಕಿಟ್ಟಿರುತ್ತೇನೆ. ದಿನವಿಡೀ ಕ್ರೇನಿನ ಜಾಯ್‌ಸ್ಟಿಕ್ ಹಿಡಿಯುವ ಕೈ, ಮರೆತಿರುವುದಿಲ್ಲ. ಇದು ನಿನಗೆ ಮಾಡುವ ಅನ್ಯಾಯ ಅಂತಲೂ ಗೊತ್ತು. ನಿನ್ನ ಮಾತನ್ನು ನಂಬದವರಿಗಾಗಿ ನೀನು ಮತ್ತೊಮ್ಮೆ ಗೆಲ್ಲಬೇಕು. ಆದರೆ ನನಗೆ ಸಾಕಾಗಿದೆ ಅಣ್ಣ, ನಿಮ್ಮಿಬ್ಬರ ನಡುವೆ ಹತ್ತೊಂಬತ್ತು ವರ್ಷ ಒಬ್ಬಳೇ ನಿಂತು ಸಾಕಾಗಿದೆ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಮಗಳಿಗೆ ಒಂದು ಮುತ್ತು ಕೊಡು, ಹೊಸ ಹಲ್ಲು ಬಂದಿದ್ದರೆ ಎರಡು. ಕುತ್ತಿಗೆಯ ಪಟ್ಟಿಯನ್ನು ಮೊಳೆಯಿಂದ ತೆಗೆದು ಕಟ್ಟಿಕೋ.

ನಿನ್ನ ತಂಗಿ,
ಪುಟ್ಟಿ

ತಾ.ಕ.: ಅಂಚೆ ಇನ್ನು ಇಪ್ಪತ್ತು ನಿಮಿಷಕ್ಕೆ ಹೋಗುತ್ತದೆ, ಗೀಚುತ್ತಿದ್ದೇನೆ, ಹೇಗೋ ಓದಿಕೋ. ಲಕೋಟೆಗೆ ಅಂಟು ಹಚ್ಚುವಾಗ ಅಪ್ಪ ಬಾಗಿಲಲ್ಲಿ ಬಂದು ನಿಂತರು. 'ಅಣ್ಣಂಗಾ?' ಎಂದರು. ಹೌದೆಂದೆ. 'ನಾಲ್ಕು ತಿಂಗ್ಳಿಂದ ಒಂದ್ ಬೀಪ್ ಜಾಸ್ತಿ ಬರ್ತಿದೆ. ಮಂಜಾಗಿರೋದು ಕಣ್ಣು ಪುಟ್ಟಿ, ಕಿವಿ ಅಲ್ಲ. ಆ ಕೆಮ್ಮು ಇನ್ ಸಾಕು' ಎಂದರು. ಗೊತ್ತಿದ್ದೂ ದಿನ ಯಾಕೆ ಓದಿಸಿದಿರಿ ಎಂದು ಕೇಳಿದೆ. 'ನೀನ್ ಓದ್ತಿದ್ರೆ ಇನ್ನೂ ಇದೆ ಅನ್ಸೋದು' ಎಂದರು. ನನಗೆ ತಡೆಯಲಾಗದೆ ಸೀಲ್ ಒಡೆದಿರಲಿಲ್ಲ, ನಾನು ನೋಡಿದೆ ಎಂದುಬಿಟ್ಟೆ. 'ಗೊತ್ತು' ಎಂದರು. ನೀನು ಮನೆ ಬಿಟ್ಟ ಮೂರನೇ ದಿನವೇ ತೆರೆದು ನೋಡಿದ್ದರಂತೆ. ಹತ್ತೊಂಬತ್ತು ವರ್ಷ! ಹೇಳುವುದಕ್ಕೆ ಬಾಯಿರಲಿಲ್ಲವೇ ಎಂದು ಜೀವಮಾನದಲ್ಲಿ ಮೊದಲ ಸಲ ಅವರ ಮೇಲೆ ಕೂಗಾಡಿದೆ. ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡು, ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. 'ಸೀಲ್ ಒಡ್ದಿರ್ಲಿಲ್ಲ ಅಂತ ಬರಿ. ನಿನ್ ಮಾತಲ್ಲ, ನನ್ ಮಾತು ಅಂತ ಬರಿ. ಅವತ್ತು ಅವನು ಆಡಿದ್ದು ಊರೆಲ್ಲ ನೋಡ್ತು, ನಾನೊಬ್ಬ ನೋಡ್ಲಿಲ್ಲ. ಈ ಕಣ್ಣಿನ ಆಪರೇಷನ್ ಅದಕ್ಕೇ ಅಂತ ಬರಿ.' ಬರೆದಿದ್ದೇನೆ. ಮೇಲೆ ಬರೆದ ತಾರೀಖು ಹೊಡೆದುಹಾಕು, ಇಪ್ಪತ್ತಕ್ಕೆ ಮೊದಲು ಬರಬೇಡ. ಇಪ್ಪತ್ತೊಂದಕ್ಕೆ ಬಾ, ಪಟ್ಟಿ ಬಿಚ್ಚಿದ ಮೇಲೆ.