ತಮಟೆಯ ಬಿಸಿ

ಕಗ್ಗದಾಸಪುರ
ಸೋಮವಾರ

ನಮ್ಮ ಹಾಕಿ ತಂಡದ ಕೋಚ್ ಸಾಹೇಬರಿಗೆ ಬೈಲಪ್ಪನ ನಮಸ್ಕಾರ.

ಗ್ಯಾಲರಿಯಲ್ಲಿ ತಮಟೆ ಹಿಡಿದು ಕೂರುವವನು ನಾನೇ. ನಮ್ಮವರು ಗೋಲು ಹೊಡೆದಾಗ ಮಾತ್ರ ಬಾರಿಸುತ್ತೇನೆ. ನನ್ನದು ಚರ್ಮದ ತಮಟೆ, ಬೆಂಕಿಗೆ ಹಿಡಿದು ಕಾಯಿಸಿದರೇ ನಾದ. ಪ್ರತಿ ಪಂದ್ಯಕ್ಕೂ ಶಿವಾಜಿನಗರದ ಗೆಳೆಯ ಓವೈಸ್ ಹಳೇ ಪೇಪರ್ ತರುತ್ತಾನೆ, ಗೇಟಿನ ಹೊರಗೆ ಅದನ್ನು ಉರಿಸಿ ತಮಟೆ ಕಾಯಿಸಿಕೊಂಡು ಒಳಗೆ ಬರುತ್ತೇವೆ. ನೀರು ಹಾಯಿಸಿದ ಟರ್ಫಿನ ತಂಪಿಗೆ ಸ್ವಲ್ಪ ಹೊತ್ತಿನಲ್ಲೇ ಚರ್ಮ ಸಡಿಲವಾಗುತ್ತದೆ. ಗೋಲು ಮಾತ್ರ ಬರುವುದಿಲ್ಲ. ಈ ಸೀಸನ್ ಪೂರ್ತಿ ತಮಟೆ ಒಂದು ಏಟೂ ಬೀಳದೆ ಮನೆಗೆ ಬರುತ್ತಿತ್ತು.

ನಿನ್ನೆ ಎದುರಾಳಿಗಳು ಗೋಲು ಹೊಡೆದರು. ಚೆಂಡು ಗೋಲಿನೊಳಗಿನ ಮರದ ಹಲಗೆಗೆ ಬಡಿದ ಸದ್ದು ಕೇಳಿದ್ದೇ ತಡ, ನನ್ನ ಕೈ ತಾನಾಗಿಯೇ ಬಾರಿಸಿಬಿಟ್ಟಿತು. ಇಡೀ ಗ್ಯಾಲರಿ ನನ್ನ ಕಡೆ ತಿರುಗಿತು. "ಏನ್ ಮಗಾ, ಅವರ ಕಡೆ ಸೇರ್ಕೊಂಡ್ಯಾ?" ಎಂದ ಓವೈಸ್, ಇವತ್ತು ಫೋನೂ ಎತ್ತುತ್ತಿಲ್ಲ. ಏನು ಮಾಡಲಿ ಸರ್, ಕೈ ಎಷ್ಟು ದಿನ ತಡೆದುಕೊಂಡೀತು?

ಗೆಲ್ಲಿ ಎಂದು ಕೇಳುತ್ತಿಲ್ಲ, ಅದನ್ನು ಕೇಳುವುದು ಬಿಟ್ಟಿದ್ದೇನೆ. ಶನಿವಾರ ಕೊನೆಯ ಪಂದ್ಯ. ಒಂದೇ ಒಂದು ಗೋಲು ಹೊಡೆಯುವುದಾದರೆ ದಯವಿಟ್ಟು ಶುರುವಿನಲ್ಲೇ ಹೊಡೆಸಿ, ಆಮೇಲೆ ತಮಟೆಯ ಬಿಸಿ ಉಳಿಯುವುದಿಲ್ಲ.

ಪೇಪರ್ ಈ ಸಲ ನಾನೇ ತರಬೇಕಾಗುತ್ತದೆ.

ಈಗಲೂ ನಿಮ್ಮ ಕಡೆಯವನೇ,
ಬೈಲಪ್ಪ