ಸೀಸದ ಪೈಪು ಕೀಳುವ ನಿಯಮ

೧೦ ಜುಲೈ ೧೯೬೮, ಬುಧವಾರ

ಮೂರು ಸಲ ಮುಂದಕ್ಕೆ ಹಾಕಿದ್ದ ನಿಯಮ ಇವತ್ತು ನಮ್ಮ ಹಳ್ಳಿ ಪಂಚಾಯ್ತಿಯಲ್ಲಿ ಪಾಸಾಯಿತು! ಇನ್ನು ಸೀಸದ ಪೈಪಿನಲ್ಲಿ ಕುಡಿಯುವ ನೀರು ಬಿಡುವಂತಿಲ್ಲ. ದೀಪಾವಳಿಯೊಳಗೆ ಎಲ್ಲವನ್ನೂ ಕಿತ್ತು ಕಬ್ಬಿಣದ ಪೈಪು ಹಾಕಬೇಕು.

ಬೆಳಗ್ಗೆ ಹೊರಟಾಗ ಧೈರ್ಯವೇ ಇರಲಿಲ್ಲ. ಆ ಪೈಪು ಹಾಕಿಸಿದ್ದು ಅಧ್ಯಕ್ಷ ಶಿವಮಲ್ಲಪ್ಪನವರ ತಂದೆ. ಊರಿಗೆ ಮೊದಲ ನಲ್ಲಿ ಕೊಟ್ಟವರ ಕೆಲಸವನ್ನು ವಿಷ ಎನ್ನುವುದು ಹೇಗೆ? ಆದರೆ ನನ್ನ ಮಗಳು ಶಿವರತ್ನಳ ಹೊಟ್ಟೆನೋವಿಗೆ ಸೀಸವೇ ಕಾರಣವೆಂದು ಕೊಳ್ಳೇಗಾಲದ ಡಾಕ್ಟರು ಬರೆದುಕೊಟ್ಟಿದ್ದರು. ಬಾವಿ ನೀರು ಕುಡಿಸಿದ ಮೇಲೆ ಮಗು ಚೇತರಿಸಿಕೊಂಡಿತ್ತು. ಸಭೆಯಲ್ಲಿ ಹೆಂಗಸು ನಾನೊಬ್ಬಳೇ. ಎದ್ದು ನಿಂತು ಆ ಚೀಟಿ ಓದಿದೆ.

ಶಿವಮಲ್ಲಪ್ಪನವರು ಚೀಟಿ ಇಸ್ಕೊಂಡು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, "ನಮ್ಮಪ್ಪ ಊರ್ಗೆ ಒಳ್ಳೇದಾಗ್ಲಿ ಅಂತ ಆಕ್ಸಿದ್ದು ಕಣವ್ವ. ಈಗ ಇದ್ದಿದ್ರೆ ಅವ್ರೇ ಕೀಳ್ಸೋರು," ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಮಿಕ್ಕ ಕೈಗಳೂ ಮೇಲೆದ್ದವು.

ಹೊರಗೆ ಬಂದಾಗ ಅವರೇ ಕೇಳಿದರು. "ಯಾವ್ ಬೀದಿಯಿಂದ ಸುರು ಮಾಡಾಣವ್ವ?"

"ನಿಮ್ಮ ಬೀದಿಯಿಂದ್ಲೇ ಮಾಡಿ ಅಣ್ಣಯ್ಯ. ನಿಮ್ ಮೊಮ್ಮಗನೂ ಅದೇ ನೀರು ಕುಡೀತಾನಲ್ಲ," ಎಂದೆ.

"ಅಂಗಾರೆ ನಾಳೆಗಂಟ ಯಾಕೆ?"

ಪಂಚೆ ಎತ್ತಿ ಕಟ್ಟಿ, ಗುದ್ದಲಿ ತರಿಸಿ, ತಮ್ಮ ಬಾಗಿಲ ಮುಂದೆ ತಾವೇ ಅಗೆದರು. ಅರವತ್ತು ದಾಟಿದ ಮನುಷ್ಯ! ಬೀದಿಯವರೆಲ್ಲ ಸೇರಿ ಕೈ ಹಾಕಿದರು. ಮೂಗಿನ ತುದಿವರೆಗೂ ಕೆಮ್ಮಣ್ಣು ಮೆತ್ತಿದ್ದ ಆ ಮುಖ ನೆನೆದರೆ ಈಗಲೂ ನಗು ಉಕ್ಕುತ್ತದೆ. ನಿದ್ದೆ ಬರುತ್ತಿಲ್ಲ. ಬರದಿದ್ದರೆ ಬೇಡ, ಇವತ್ತು ಹೀಗೇ ನಗುತ್ತಾ ಬೆಳಗು ಮಾಡುತ್ತೇನೆ.