ಬೆನ್ನಿಗೆ ಬಿದ್ದ ಮುದ್ರೆ

ವಿಜಯನಗರ ಎರಡನೇ ಹಂತ, ಮೈಸೂರು
೧೯ ನವೆಂಬರ್ ೨೦೨೪, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ಮಗ ವಾಗೀಶನಿಗೆ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಅರುಣಾಚಲದ ಆ ಚಳಿಯಲ್ಲಿ ದಿನವಿಡೀ ರಸ್ತೆ ಕೆಲಸ ನೋಡಿಕೊಂಡು ನಿಂತಿರುತ್ತೀಯ, ಕಿವಿ ಮುಚ್ಚುವ ಹಾಗೆ ಟೋಪಿ ಹಾಕುತ್ತೀಯೋ ಇಲ್ಲವೋ. ಚಿಕ್ಕಂದಿನಿಂದಲೂ ನಿನಗೆ ಟೋಪಿ ಎಂದರೆ ಕ್ರಾಪು ಕೆಡುತ್ತದೆ ಎನ್ನುವ ಚಿಂತೆ. ಈಗ ಕೆಡುವುದಕ್ಕೆ ಕ್ರಾಪೇ ಉಳಿದಿಲ್ಲ, ಧೈರ್ಯವಾಗಿ ಹಾಕಿಕೋ. ಹೋದ ಸಲ ಕಳಿಸಿದ ಹುಳಿಪುಡಿ ಮುಗಿದಿರಬೇಕು. ಈ ಸಲ ಮಾಡಲು ಕೈ ಬರಲಿಲ್ಲ. ನನ್ನ ಮಂಡಿನೋವು ಇದ್ದ ಹಾಗೇ ಇದೆ, ಅದರ ಬಗ್ಗೆ ಯೋಚಿಸಬೇಡ.

ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಎಂದು ನಗಬೇಡ ಕಣೋ. ನನ್ನ ಫೋನು ನನ್ನ ಹತ್ತಿರ ಇಲ್ಲ. ರೀಚಾರ್ಜ್ ಮಾಡಿಸಿಕೊಡುತ್ತೇವೆ ಎಂದು ಭಜನಾ ಮಂಡಳಿಯ ಹೆಂಗಸರು ತೆಗೆದುಕೊಂಡು ಹೋದವರು ಇನ್ನೂ ಕೊಟ್ಟಿಲ್ಲ. ಮೊನ್ನೆ ಭಾನುವಾರ ನೀನು ಗುಡ್ಡ ಇಳಿದು ಬಂದು ಮಾಡಿದ ಫೋನನ್ನು ಸಮನ್ವಿತಾ ಸ್ಪೀಕರಿಗೆ ಹಾಕಿ ಹಾಲಿನ ಮೇಜಿನ ಮೇಲೆ ಇಟ್ಟಳು. ಸುತ್ತ ಅವರೇ ಕೂತಿದ್ದರು. ನಾನು "ಚೆನ್ನಾಗಿದ್ದೀವಿ ಕಣಪ್ಪ" ಎಂದದ್ದು ಅದಕ್ಕೆ. ಈಗ ನಿನ್ನ ಹೆಂಡತಿ ಅವರೆಲ್ಲರ ಜೊತೆ ಭಜನೆಗೆ ಹೋಗಿದ್ದಾಳೆ, ಮಗು ಲಹರಿ ಶಾಲೆಯಲ್ಲಿದ್ದಾಳೆ. ಕೆಲಸಕ್ಕೆ ಬರುವ ಚಲುವಮ್ಮ ಪಾತ್ರೆ ತೊಳೆದು ಕೆಸರೆಯ ತನ್ನ ಮನೆಗೆ ಹೊರಡುವಾಗ ಇದನ್ನು ಅಂಚೆಗೆ ಹಾಕುತ್ತೇನೆ ಎಂದಿದ್ದಾಳೆ. ಗೇಟು ಕಿರ್ರೆಂದಾಗಲೆಲ್ಲ ಕಾಗದವನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಅಲ್ಲಿಗೆ ಹೋದ ಮೇಲೆ ಸಮನ್ವಿತಾ ಬೇಜಾರು ಕಳೆಯಲು ಈ ಮಂಡಳಿ ಸೇರಿದ್ದು ನಿನಗೆ ಗೊತ್ತು. ಸೇರಿಕೋ ಎಂದವಳು ನಾನೇ. ಆ ಮಂಡಳಿಯ ಯಜಮಾನಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಮಡಿ, ಮೌನ, ಏಕಾದಶಿ, ಎಲ್ಲದರಲ್ಲೂ ಕಟ್ಟುನಿಟ್ಟು. ಈ ಕಾಲದಲ್ಲೂ ಇಂಥವರಿದ್ದಾರಲ್ಲ ಎಂದು ನನಗೆ ಸಂತೋಷವೇ ಆಗಿತ್ತು. ಆಷಾಢದ ಏಕಾದಶಿಗೆ ಲಹರಿ ತೋಳಿನ ಮೇಲೆ ಚಕ್ರದ ಮುದ್ರೆ ಹಾಕಿಸಿಕೊಂಡು ಬಂದಾಗ ಫೋನಿನಲ್ಲಿ ನಿನಗೆ ಹೆಮ್ಮೆಯಿಂದ ಹೇಳಿದೆನಲ್ಲ. ನಮ್ಮಲ್ಲಿ ಯಾರಿಗೆ ಇಲ್ಲ ಅದು. ನಿನಗೆ ಮಠದಲ್ಲಿ ಹಾಕಿಸಿದಾಗ ಸ್ವಾಮಿಗಳು ಹೋಮದ ಬೆಂಕಿಯಲ್ಲಿ ಕಾಯಿಸಿದ ಮುದ್ರೆಯನ್ನು ತಾಗಿಸಿದರೋ ಇಲ್ಲವೋ ಎನ್ನುವ ಹಾಗೆ ತಾಗಿಸಿದ್ದರು. ನೀನು ಉರಿಗಲ್ಲ, ಬಾಳೆಹಣ್ಣು ಕೊಡಲಿಲ್ಲ ಎಂದು ಅತ್ತೆ.

ನವರಾತ್ರಿಯಲ್ಲಿ ಲಹರಿಯ ಇನ್ನೊಂದು ತೋಳಿನಲ್ಲೂ ಮುದ್ರೆ ಕಂಡಿತು. ಆಷಾಢ ಬಿಟ್ಟು ಬೇರೆ ದಿನ ಯಾರು ಹಾಕುತ್ತಾರೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ ವಾಗೀಶ. ಮಗು ಪುಣ್ಯವಂತೆ ಎಂದು ಆ ತೋಳನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ನಾನು ಮುಟ್ಟಿದಾಗ ಅವಳು ಹಲ್ಲು ಕಚ್ಚಿ ನಿಂತಿದ್ದಳು. ಅದನ್ನೂ ಭಕ್ತಿ ಎಂದುಕೊಂಡೆ.

ಹೋದ ಶುಕ್ರವಾರ ಸಂಜೆ ಮನೆಯಲ್ಲಿ ನಾನೂ ಲಹರಿಯೂ ಬಿಟ್ಟರೆ ಯಾರೂ ಇರಲಿಲ್ಲ. ದೀಪಾವಳಿಗೂ ನನ್ನ ಕೈಯಲ್ಲಿ ಎಣ್ಣೆ ಒತ್ತಿಸಿಕೊಳ್ಳಲಿಲ್ಲ, ಬಾ ಎಂದು ಬಚ್ಚಲಿಗೆ ಕರೆದೆ. ಬೇಡ ಬೇಡ ಎಂದು ಮೂಲೆಗೆ ಸರಿದಳು. ನಾನು ಹಟ ಮಾಡಿ ಲಂಗದ ಬ್ಲೌಸ್ ಬಿಚ್ಚಹೋದರೆ ಅದು ಬೆನ್ನಿಗೆ ಅಂಟಿಕೊಂಡಿತ್ತು. ಬಿಸಿನೀರು ಹನಿಸಿ ಹನಿಸಿ ಬಿಡಿಸಿದೆ. ಬೆನ್ನ ತುಂಬ ಚಕ್ರಗಳು ಕಣೋ. ಕೆಲವು ಒಣಗಿ ಕಪ್ಪಾಗಿವೆ, ಕೆಳಗಿನದು ಕೀವು ತುಂಬಿ ಹಸಿಯಾಗಿದೆ. ಒಂಬತ್ತು ವರ್ಷದ ಕೂಸಿನ ಬೆನ್ನು. ನನ್ನ ಕೈಯಲ್ಲಿದ್ದ ಎಣ್ಣೆಬಟ್ಟಲು ಬಿದ್ದು ಬಚ್ಚಲೆಲ್ಲ ಎಣ್ಣೆಯಾಯಿತು. ಮಗು ತಾನೇ ಬೈಸಿಕೊಳ್ಳುವವಳ ಹಾಗೆ ಬಗ್ಗಿ ಒರೆಸತೊಡಗಿತು.

ಆಮೇಲೆ ಒಂದೊಂದಾಗಿ ಹೇಳಿದಳು. ಗೆಳತಿಯ ಹುಟ್ಟುಹಬ್ಬದಲ್ಲಿ ಮೊಟ್ಟೆ ಹಾಕಿದ ಕೇಕು ತಿಂದದ್ದಕ್ಕೆ ಒಂದು. ಸ್ತೋತ್ರದ ನಡುವೆ ತೂಕಡಿಸಿದ್ದಕ್ಕೆ ಒಂದು. ಪಾಪ ಸುಡುವುದು ಎನ್ನುತ್ತಾರಂತೆ ಅದಕ್ಕೆ. "ಅತ್ರೆ ಇನ್ನೊಂದು ಹಾಕ್ತಾರೆ ಅಜ್ಜಿ, ಅದಕ್ಕೇ ನಾನು ಅಳಲ್ಲ" ಎಂದಳು. ಕೊನೆಯದು ನಿನ್ನ ಜೊತೆ ಮಾತಾಡಿದ್ದಕ್ಕೆ. ನೆನಪಿದೆಯಾ, ಅಪ್ಪಾ ನಾನು ಅಲ್ಲಿಗೆ ಹೋಗಲ್ಲ ಎಂದು ಫೋನಿನಲ್ಲಿ ಶುರುಮಾಡಿದ್ದಳು. ನೀನು ನಕ್ಕು, ಅಮ್ಮ ಹೇಳಿದ ಹಾಗೆ ಕೇಳು ಪುಟ್ಟಿ ಎಂದೆ. ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ. ನಿನಗೆ ಗೊತ್ತಿರಬೇಕು ಎಂದು ಬರೆದೆ.

ಅಂದೇ ಸಮನ್ವಿತಾಳನ್ನು ಕೇಳಿದೆ. ಅವಳು ಗೋಡೆ ನೋಡಿಕೊಂಡು, "ನೋವು ಮಗೂಗಲ್ಲ ಅತ್ತೆ, ಒಳಗಿರೋ ಪಾಪಕ್ಕೆ" ಎಂದಳು. ಯಾರೋ ಬಾಯಿಪಾಠ ಮಾಡಿಸಿದ ಹಾಗಿತ್ತು. ಮನೆಗೆ ಬಂದ ಮೊದಲ ವರ್ಷ ಹಾಲು ಉಕ್ಕಿಸಿಕೊಂಡು ನಗುತ್ತಾ ನಿಲ್ಲುತ್ತಿದ್ದ ಹುಡುಗಿಯೇ ಇವಳು ಎನಿಸಿತು. ಮಾರನೆಯ ದಿನವೇ ಫೋನು ಹೋಯಿತು. ಆವತ್ತಿನಿಂದ ಮಂಡಳಿಯ ಯಾರಾದರೊಬ್ಬರು ಬಂದು ಹಾಲಿನಲ್ಲಿ ಹೂವು ಕಟ್ಟುತ್ತಾ ಕೂರುತ್ತಾರೆ. ಚಂದ್ರಮತಮ್ಮ, ಆರೋಗ್ಯವಾ ಎಂದು ನಯವಾಗಿ ಕೇಳುತ್ತಾರೆ. ಧನುರ್ಮಾಸ ಹುಟ್ಟುವ ದಿನ ಲಹರಿಯನ್ನು ಶಾಲೆ ಬಿಡಿಸಿ, ಊರಾಚೆ ಇರುವ ದೊಡ್ಡಮ್ಮನ ಮನೆಯಲ್ಲೇ ಇರಲು ಕಳಿಸುತ್ತಾರಂತೆ. ಆ ಬಾಗಿಲು ದಾಟಿದ ಮೇಲೆ ಮಗು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ನನಗೆ ತುಂಬ ಹೆದರಿಕೆಯಾಗುತ್ತಿದೆ ವಾಗೀಶ. ಪೊಲೀಸರಿಗೆ ಹೇಳೋಣವೆಂದರೆ, ಅವರು ಬರುವಷ್ಟರಲ್ಲಿ ಇವರು ಮಗುವನ್ನು ಎಲ್ಲಿಗಾದರೂ ಸಾಗಿಸಿಬಿಟ್ಟರೆ? ಮುದ್ರೆ ಎಂದ ಕೂಡಲೇ ನೆಂಟರಿಷ್ಟರು, ದೇವರ ಕೆಲಸಕ್ಕೆ ಕೈ ಹಾಕಿದಳು ಎಂದು ನನ್ನನ್ನೇ ಬೈದರೆ? ಬೈದರೆ ಬೈಯಲಿ. ನಮ್ಮ ಹಿರಿಯರು ಹಾಕಿಸಿಕೊಂಡ ಮುದ್ರೆಗೂ ಈ ಬರೆಗೂ ಸಂಬಂಧವಿಲ್ಲ ಎಂದು ಯಾವ ಸಭೆಯಲ್ಲಾದರೂ ಹೇಳುತ್ತೇನೆ. ಆದರೆ ನನ್ನ ಮಾತಿಗಿಂತ ಅಪ್ಪನ ಮಾತಿಗೆ ತೂಕ ಹೆಚ್ಚು. ರಜೆ ಕೊಡಲಿ ಬಿಡಲಿ, ಹೊರಟು ಬಾ. ಬರುವುದನ್ನು ಸಮನ್ವಿತಾಗೆ ಹೇಳಬೇಡ. ಅವಳ ಮೇಲೆ ನನಗೆ ಎಷ್ಟು ಕೋಪ ಬಂದಿದೆಯೆಂದರೆ ಅವಳು ಬಡಿಸಿದ್ದನ್ನು ಬಿಟ್ಟು ನಾನೇ ಗಂಜಿ ಕಾಯಿಸಿಕೊಂಡು ಕುಡಿಯುತ್ತಿದ್ದೇನೆ.

ರಾಯರು ನಿನ್ನನ್ನು ದಾರಿಯುದ್ದಕ್ಕೂ ಕಾಪಾಡಲಿ. ಹೊಟ್ಟೆಗೆ ಸರಿಯಾಗಿ ತಿನ್ನು.

ನಿನ್ನ ದಾರಿ ಕಾಯುವ ಅಮ್ಮ,
ಚಂದ್ರಮತಿ

ಮತ್ತೆ: ಕಾಗದ ಮಡಿಸುವಷ್ಟರಲ್ಲಿ ಸಮನ್ವಿತಾ ಬಂದುಬಿಟ್ಟಳು, ಒಬ್ಬಳೇ. ನೇರವಾಗಿ ಅಡುಗೆಮನೆಗೆ ಬಂದು ಬಾಗಿಲು ಮುಂದಕ್ಕೆಳೆದು ರವಿಕೆಯ ತೋಳು ಮೇಲೆತ್ತಿದಳು. ಇವತ್ತಿನದೇ ಸುಟ್ಟ ಗಾಯ. ಗಂಡ ಬರುವ ತನಕ ಮಗು ಮನೆಯಲ್ಲಿರಲಿ ಎಂದು ಕೇಳಿದ್ದಕ್ಕಂತೆ. ಧನುರ್ಮಾಸದವರೆಗೆ ಕಾಯುವುದಿಲ್ಲ, ನಾಳೆ ಬೆಳಿಗ್ಗೆಯೇ ಲಹರಿಯನ್ನು ಕರೆದೊಯ್ಯಲು ಬರುತ್ತಾರಂತೆ. "ಅತ್ತೆ, ಸ್ಕೂಲಿಂದಾನೇ ಮಗೂನ ಕರ್ಕೊಂಡು ಹೋಗ್ಬುಡಿ. ಎಲ್ಲಿಗೆ ಅಂತ ನಂಗೆ ಹೇಳ್ಬೇಡಿ. ಗೊತ್ತಿದ್ರೆ ನಾನು ಅವರಿಗೆ ಹೇಳ್ಬುಡ್ತೀನಿ" ಎಂದಳು. ನೀನೂ ಬಾರೇ ಎಂದು ಕೈ ಹಿಡಿದೆಳೆದೆ, ಬರಲಿಲ್ಲ. ಚಲುವಮ್ಮ ಆಟೋ ತರಲು ಹೋಗಿದ್ದಾಳೆ. ಮೊದಲು ಡಾಕ್ಟರು, ಆಮೇಲೆ ಮಕ್ಕಳ ಸಹಾಯವಾಣಿಯವರು. ಈ ಕಾಗದ ಸೇರುವ ಹೊತ್ತಿಗೆ ನಿನ್ನಮ್ಮನಿಗೆ ತಲೆ ಕೆಟ್ಟಿದೆ, ಮಗುವನ್ನು ಕದ್ದುಕೊಂಡು ಓಡಿದಳು ಎಂದು ನಿನಗೆ ಹೇಳಿರುತ್ತಾರೆ. ನೀನು ಬಂದು ಮೊದಲು ಸಮನ್ವಿತಾಳನ್ನು ಆ ಮಂಡಳಿಯವರ ಕೈಯಿಂದ ಬಿಡಿಸು, ಕೂಗಾಡಬೇಡ. ಆಮೇಲೆ ಸಹಾಯವಾಣಿಯವರನ್ನು ಕೇಳು, ನಾವಿರುವ ಜಾಗ ಅವರು ಹೇಳುತ್ತಾರೆ. ನಾನು ಇಲ್ಲಿ ಬರೆಯುವುದಿಲ್ಲ. ಸಮನ್ವಿತಾ ಫೋನಿನಲ್ಲಿ ಅತ್ತುಕೊಂಡು ಕೇಳಿದರೆ ನೀನು ಹೇಳಿಬಿಡುತ್ತೀಯ.